ಪ್ರಮಾಣಪತ್ರದಲ್ಲಿ ಇಲ್ಲದ ಹೆಸರುಗಳು



ಈ ಉಪನ್ಯಾಸದ ದತ್ತಿಯ ಬಗ್ಗೆ ಎರಡು ಮಾತು ಹೇಳಿ ಮುಂದೆ ಹೋಗುತ್ತೇನೆ. ಇದನ್ನು ಇಟ್ಟವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕಿ. ತಮಗೆ ಓದುಬರಹ ಕಲಿಸಿದ ಮೇಷ್ಟ್ರ ನೆನಪಿಗಾಗಿ, ನಿವೃತ್ತಿಯಾದಾಗ ಕೈಗೆ ಬಂದ ಹಣದಲ್ಲಿ ಒಂದು ಪಾಲನ್ನು ತೆಗೆದು ಇಡುಗಂಟು ಮಾಡಿದರು. ತಮ್ಮ ಹೆಸರು ಎಲ್ಲೂ ಬರಬಾರದು ಎಂಬುದು ಅವರು ಹಾಕಿದ ಒಂದೇ ಷರತ್ತು. ದತ್ತಿಯ ರೀತಿ ನಿಮಗೆಲ್ಲ ಗೊತ್ತಿರುವುದೇ. ಗಂಟು ಬ್ಯಾಂಕಿನಲ್ಲಿ ಹಾಗೇ ಇರುತ್ತದೆ; ಅದರ ಬಡ್ಡಿಯಲ್ಲಿ ವರ್ಷಕ್ಕೊಮ್ಮೆ ಒಬ್ಬರನ್ನು ಕರೆದು ಮಾತಾಡಿಸುತ್ತಾರೆ. ಋಣವನ್ನು ಒಂದೇ ಸಲಕ್ಕೆ ತೀರಿಸಿ ಕೈತೊಳೆದುಕೊಳ್ಳಲು ಮನಸ್ಸಿಲ್ಲದವರು ಮಾಡಿದ ಏರ್ಪಾಡು ಇದು. ನಾನು ಇವತ್ತು ಹೇಳಬೇಕೆಂದಿರುವ ಮಾತಿಗೆ ಇದಕ್ಕಿಂತ ತಕ್ಕ ಜಾಗ ಸಿಗುತ್ತಿರಲಿಲ್ಲ.

ಸಾರ್ವಜನಿಕ ಸಂಪರ್ಕದಲ್ಲಿ ಸ್ನಾತಕೋತ್ತರ ಡಿಪ್ಲೊಮಾ ನನ್ನ ಕೈಗೆ ಬಂದಾಗ ನನಗೆ 47 ವರ್ಷ. ಅದಕ್ಕೆ ಮೊದಲು 22 ವರ್ಷ ಬಯಲುಸೀಮೆಯ ಒಂದು ಜಿಲ್ಲಾ ಕೇಂದ್ರದ ವಿದ್ಯುತ್ ಕಚೇರಿಯಲ್ಲಿ ಕೆಲಸ ಮಾಡಿದ್ದೆ. ಸೇರಿದ್ದು ಸಹಾಯಕಿಯಾಗಿ, ಕೂತದ್ದು 'ವಿಚಾರಣೆ' ಎಂಬ ಬೋರ್ಡಿನ ಕೆಳಗೆ. ಎಂಟು ವರ್ಷ ಆ ಕಿಟಕಿಯ ಹಿಂದೆ ಕಳೆದ ಮೇಲೆ, ಕನ್ನಡ ಚೆನ್ನಾಗಿ ಬರೆಯುತ್ತಾಳೆ ಎಂಬ ಒಂದೇ ಕಾರಣಕ್ಕೆ ಸಾರ್ವಜನಿಕ ಸಂಪರ್ಕದ ಕೆಲಸ ಒಪ್ಪಿಸಿದರು. ತರಬೇತಿ ಇರಲಿಲ್ಲ. ಓದಬೇಕು ಎಂಬ ಆಸೆ ಮಾತ್ರ ಬಹಳ ದಿನದಿಂದ ಇತ್ತು. ಕೊನೆಗೊಂದು ವರ್ಷ ಶನಿವಾರ ಸಂಜೆ, ಭಾನುವಾರ ಪೂರ್ತಿ ತರಗತಿಗೆ ಹೋಗಿ, ಮಗನ ಜೊತೆ ಒಂದೇ ಮೇಜಿನಲ್ಲಿ ಕೂತು ಪರೀಕ್ಷೆಗೆ ಓದಿ ಪಾಸಾದೆ.

ಪ್ರಮಾಣಪತ್ರವನ್ನು ಅಮ್ಮ ದೇವರ ಮುಂದಿಟ್ಟು, ಮೂಲೆಗೆ ಅರಿಸಿನ ಕುಂಕುಮ ಹಚ್ಚಿ, ಕನ್ನಡಕ ಏರಿಸಿಕೊಂಡು ಒಂದೊಂದೇ ಅಕ್ಷರ ಕೂಡಿಸಿ ನನ್ನ ಹೆಸರು ಓದಿದರು. ಆಮೇಲೆ ಕೇಳಿದರು: "ಇದನ್ನೆಲ್ಲ ಯಾರ ಹತ್ರ ಕಲಿತೆ?" ನಾನು ಪ್ರಾಧ್ಯಾಪಕರ ಹೆಸರುಗಳನ್ನು ಹೇಳಲು ಹೊರಟೆ. ಎರಡು ಹೆಸರು ಹೇಳಿದ ಮೇಲೆ ಬಾಯಿ ಕಟ್ಟಿತು. ಅವರು ಕಲಿಸಿದ್ದು ನಿಜ. ಅವರ ಉಪಕಾರವನ್ನು ನಾನು ಮರೆಯುವುದಿಲ್ಲ. ಆದರೆ ಆ ಒಂದು ವರ್ಷ ತರಗತಿಯಲ್ಲಿ ಕೂತಾಗಲೆಲ್ಲ ನನಗಾದ ಅನುಭವವೇ ಬೇರೆ. ಪುಸ್ತಕದ ಪ್ರತಿ ಅಧ್ಯಾಯದಲ್ಲೂ ನನಗೆ ಗೊತ್ತಿದ್ದ ಒಂದು ಮುಖ ಎದ್ದು ಬರುತ್ತಿತ್ತು. ಆ ಮುಖಗಳಲ್ಲಿ ಒಂದಕ್ಕೂ ಡಿಪ್ಲೊಮಾ ಇರಲಿಲ್ಲ. ಅಮ್ಮನ ಆ ಪ್ರಶ್ನೆಗೆ ಆವತ್ತು ಪೂರ್ತಿ ಉತ್ತರ ಕೊಡಲಿಲ್ಲ. ಈ ಉಪನ್ಯಾಸವೇ ಆ ಉತ್ತರ.

ಮೊದಲು ಈ ಪ್ರಮಾಣಪತ್ರದ ಬೆಲೆ ಎಷ್ಟು ಎಂದು ನೋಡೋಣ. ವೈದ್ಯರು ನೋಂದಣಿ ಇಲ್ಲದೆ ಔಷಧ ಬರೆಯುವಂತಿಲ್ಲ, ವಕೀಲರು ಸನ್ನದು ಇಲ್ಲದೆ ಕೋರ್ಟಿನಲ್ಲಿ ವಾದಿಸುವಂತಿಲ್ಲ. ಸಾರ್ವಜನಿಕ ಸಂಪರ್ಕಕ್ಕೆ ಅಂಥ ಕಾನೂನು ನಮ್ಮ ದೇಶದಲ್ಲಿಲ್ಲ. ಇಂದು ಬೆಳಿಗ್ಗೆ ಬೋರ್ಡು ತೂಗುಹಾಕಿದವರೂ ಸಂಜೆಗೆ ಈ ವೃತ್ತಿಯವರೇ. ಅಮೆರಿಕದ ಸಾರ್ವಜನಿಕ ಸಂಪರ್ಕ ಸಂಘ 1964ರಲ್ಲಿ 'ಎಪಿಆರ್' ಎಂಬ ವೃತ್ತಿ ಮಾನ್ಯತೆಯನ್ನು ಆರಂಭಿಸಿತು. ಇಚ್ಛೆಯಿದ್ದವರು ಪರೀಕ್ಷೆ ಬರೆದು ಪಡೆಯುವಂಥದ್ದು ಅದು. ಬ್ರಿಟನ್ನಿನಲ್ಲಿ 1948ರಲ್ಲಿ ಹುಟ್ಟಿದ ಇದೇ ವೃತ್ತಿಯ ಸಂಸ್ಥೆಗೆ ರಾಜಮನ್ನಣೆಯ ಸನ್ನದು ಸಿಕ್ಕಿದ್ದು 2005ರಲ್ಲಿ, ಅಂದರೆ ಐವತ್ತೇಳು ವರ್ಷ ಕಾದ ಮೇಲೆ. ನಮ್ಮಲ್ಲಿ ಭಾರತೀಯ ಸಾರ್ವಜನಿಕ ಸಂಪರ್ಕ ಸಂಘ 1958ರಲ್ಲಿ ಆರಂಭವಾಯಿತು. 1968ರ ಏಪ್ರಿಲ್ 21ರಂದು ದೆಹಲಿಯಲ್ಲಿ ಅದರ ಮೊದಲ ಅಖಿಲ ಭಾರತ ಸಮ್ಮೇಳನ ನಡೆಯಿತು. ಆ ದಿನವನ್ನೇ ಈಗ ರಾಷ್ಟ್ರೀಯ ಸಾರ್ವಜನಿಕ ಸಂಪರ್ಕ ದಿನವೆಂದು ಆಚರಿಸುತ್ತೇವೆ. ಅದೇ ಸಮ್ಮೇಳನದಲ್ಲಿ, 1965ರಲ್ಲಿ ಗ್ರೀಸಿನ ಅಥೆನ್ಸಿನಲ್ಲಿ ರೂಪುಗೊಂಡ ನೀತಿಸಂಹಿತೆಯನ್ನು ನಮ್ಮವರು ಒಪ್ಪಿಕೊಂಡರು. ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಘೋಷಣೆಯ ಅಡಿಪಾಯದ ಮೇಲೆ ಕಟ್ಟಿದ ಸಂಹಿತೆ ಅದು. ಕಾನೂನಿನ ಬಲವಿಲ್ಲದ ವೃತ್ತಿಗೆ ಇಂಥ ಒಪ್ಪಿಗೆಯೇ ಆಧಾರ. ಆದ್ದರಿಂದ ಈ ವೃತ್ತಿಯ ಪ್ರಮಾಣಪತ್ರವನ್ನು ಪರವಾನಗಿ ಎನ್ನುವುದಕ್ಕಿಂತ ಮಾತು ಕೊಟ್ಟ ಚೀಟಿ ಎನ್ನುವುದೇ ಸರಿ ಎಂದು ನನ್ನ ಅಭಿಪ್ರಾಯ.

ಇನ್ನು ನನ್ನ ಗುರುಗಳ ವಿಚಾರಕ್ಕೆ ಬರುತ್ತೇನೆ.

ಸಾರ್ವಜನಿಕ ಸಂಪರ್ಕದ ಯಾವ ಪುಸ್ತಕ ತೆಗೆದರೂ ಐವಿ ಲೀ ಎಂಬ ಹೆಸರು ಬರುತ್ತದೆ. ಪತ್ರಕರ್ತರಾಗಿದ್ದವರು. 1906ರಲ್ಲಿ ಕಲ್ಲಿದ್ದಲು ಗಣಿ ಮಾಲೀಕರ ಪರವಾಗಿ ಕೆಲಸ ಮಾಡುವಾಗ ಪತ್ರಿಕೆಗಳಿಗೆಲ್ಲ ಒಂದು ಘೋಷಣೆ ಕಳಿಸಿದರು. ನಮ್ಮ ಕೆಲಸ ಬಹಿರಂಗವಾಗಿ ನಡೆಯುತ್ತದೆ, ಸುದ್ದಿಯನ್ನು ಬೇಗ ಮತ್ತು ಸರಿಯಾಗಿ ಕೊಡುತ್ತೇವೆ ಎಂಬುದು ಅದರ ತಾತ್ಪರ್ಯ. ಅದೇ ವರ್ಷದ ಅಕ್ಟೋಬರ್ 28ರಂದು ಅಟ್ಲಾಂಟಿಕ್ ಸಿಟಿಯ ಹತ್ತಿರ ಪೆನ್ಸಿಲ್ವೇನಿಯಾ ರೈಲ್ರೋಡ್ ಕಂಪನಿಯ ರೈಲು ಸೇತುವೆಯ ಮೇಲೆ ಹಳಿತಪ್ಪಿ ನೀರಿಗೆ ಬಿದ್ದು ಐವತ್ತಕ್ಕೂ ಹೆಚ್ಚು ಜನ ಸತ್ತರು. ಅಪಘಾತವಾದರೆ ಬಾಯಿ ಮುಚ್ಚಿಕೊಂಡಿರುವುದು ಅಂದಿನ ರೈಲು ಕಂಪನಿಗಳ ಪದ್ಧತಿ. ಲೀ ಅದನ್ನು ಬದಲಿಸಿದರು. ನಡೆದದ್ದನ್ನು ಕಂಪನಿಯೇ ಬರೆದು ಪತ್ರಿಕೆಗಳಿಗೆ ಕೊಡುವಂತೆ ಮಾಡಿದರು, ಪತ್ರಕರ್ತರು ಸ್ಥಳಕ್ಕೆ ಹೋಗಲು ಏರ್ಪಾಡು ಮಾಡಿದರು. ಇಂದು ನಾವು ಪತ್ರಿಕಾ ಪ್ರಕಟಣೆ ಎನ್ನುವುದರ ಹುಟ್ಟನ್ನು ಬಹಳ ಜನ ಇಲ್ಲಿಂದಲೇ ಎಣಿಸುತ್ತಾರೆ.

ಪ್ರಾಧ್ಯಾಪಕರು ಈ ಪಾಠ ಹೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಒಬ್ಬ ಲೈನ್‌ಮನ್.

ನಾನು ಸಾರ್ವಜನಿಕ ಸಂಪರ್ಕದ ಕೆಲಸಕ್ಕೆ ಬಂದ ಮೊದಲ ಮುಂಗಾರು ಅದು. ಸಂಜೆಯ ಗಾಳಿಮಳೆಗೆ ಒಂದು ಫೀಡರ್‌ನ ಹನ್ನೆರಡು ಕಂಬ ಮುರಿದು ಆರೇಳು ಹಳ್ಳಿ ಕತ್ತಲಾದವು. ನಾನು ಕೂತು ಪ್ರಕಟಣೆ ಬರೆದೆ. ದುರಸ್ತಿ ಕಾರ್ಯ ಭರದಿಂದ ಸಾಗಿದ್ದು, ಶೀಘ್ರದಲ್ಲೇ ವಿದ್ಯುತ್ ಪೂರೈಕೆಯನ್ನು ಪುನರಾರಂಭಿಸಲಾಗುವುದು, ಸಾರ್ವಜನಿಕರು ಸಹಕರಿಸಬೇಕು. ಒಳ್ಳೆಯ ಕನ್ನಡ ಬರೆದೆ ಎಂದು ನನಗೆ ಸಮಾಧಾನವಾಗಿತ್ತು. ಎರಡು ದಿನ ಬಿಟ್ಟು ಮೂರನೆಯ ದಿನ ಬೆಳಿಗ್ಗೆ ಆ ಭಾಗದ ಲೈನ್‌ಮನ್ ಕಚೇರಿಗೆ ಬಂದರು. ಅಂಗಿಯ ತೋಳು ಹರಿದಿತ್ತು, ಮೊಣಕಾಲಿನವರೆಗೆ ಕೆಸರು ಒಣಗಿ ಪಟ್ಟಿಯಾಗಿತ್ತು. ಪತ್ರಿಕೆಯ ಆ ಸುದ್ದಿಯನ್ನು ಮಡಿಸಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ನನ್ನ ಮೇಜಿನ ಮೇಲೆ ಅದನ್ನು ಬಿಚ್ಚಿ, 'ಶೀಘ್ರದಲ್ಲೇ' ಎಂಬ ಪದದ ಮೇಲೆ ಬೆರಳಿಟ್ಟರು.

"ಮೇಡಂ, ಇದ್ನ ಬರಿಬ್ಯಾಡಿ. ನೀವು ಶೀಘ್ರ ಅಂತ ಬರೀತೀರಿ, ಜನ ಬಂದು ಕಂಬದ ಕೆಳಗೆ ನಿಂತ್ಕೊಂಡು ನನ್ನ ಕೇಳ್ತಾರೆ. ನಾನು ಎಲ್‌ಸಿ ತಗೊಂಡು ಮೇಲೆ ಹತ್ತಿರ್ತೀನಿ, ಕೆಳಗಿಂದ ಬೈತಿರ್ತಾರೆ. ಗಡಿಬಿಡೀಲಿ ಯಾರಾದ್ರೂ ಲೈನ್ ಚಾರ್ಜ್ ಮಾಡ್ಸಿದ್ರೆ ನಾನೇ ಇರಾಕಿಲ್ಲ. ಹನ್ನೆರಡು ಕಂಬ ಬಿದ್ದವೆ, ಮೂರು ದಿನ ಆಯ್ತದೆ ಅಂತ್ಲೇ ಬರೀರಿ. ಜನ ಬೈಯಲಿ. ಒಂದಪ ಬೈದು, ಹೊಲಕ್ಕೆ ಡೀಸೆಲ್ ಪಂಪ್ ತಕ್ಕಂಡು ಹೋಗ್ತಾರೆ."

ಎಲ್‌ಸಿ ಎಂದರೆ ಲೈನ್ ಕ್ಲಿಯರ್. ಕಂಬ ಹತ್ತುವ ಮೊದಲು ಆ ಮಾರ್ಗದಲ್ಲಿ ವಿದ್ಯುತ್ ನಿಲ್ಲಿಸಿದ್ದೇವೆ ಎಂದು ಸ್ಟೇಷನ್ನಿನಿಂದ ಪಡೆಯುವ ಖಾತ್ರಿ. ನಾನು ಸಲೀಸಾಗಿ ಬರೆದ ಒಂದು ಕ್ರಿಯಾವಿಶೇಷಣ ಕಂಬದ ಮೇಲಿದ್ದವರ ಜೀವಕ್ಕೆ ತಾಗಿತ್ತು. ಅಂದಿನಿಂದ ಇಂದಿನವರೆಗೆ ನಾನು ಯಾವ ಪ್ರಕಟಣೆಯಲ್ಲೂ ಆ ಪದ ಬಳಸಿಲ್ಲ. ಎಷ್ಟು ಗಂಟೆ, ಎಷ್ಟು ದಿನ, ಏನು ಹಾಳಾಗಿದೆ, ಎಲ್ಲಿ ವಿಚಾರಿಸಬೇಕು ಎಂದು ಬರೆಯುತ್ತೇನೆ. ಬಿಕ್ಕಟ್ಟಿನ ಸಂವಹನ ಎಂಬ ಅಧ್ಯಾಯದಲ್ಲಿ ಇದನ್ನೇ ನಲವತ್ತು ಪುಟ ವಿವರಿಸಿದ್ದರು. ಪರೀಕ್ಷೆಯಲ್ಲಿ ಆ ಪ್ರಶ್ನೆ ಬಂದಾಗ ನಾನು ಬರೆದ ಉತ್ತರದಲ್ಲಿ ಐವಿ ಲೀ ಹೆಸರಿತ್ತು, ಲೈನ್‌ಮನ್ ಹೆಸರಿರಲಿಲ್ಲ. ಉತ್ತರ ಪತ್ರಿಕೆಯಲ್ಲಿ ಅದಕ್ಕೆ ಜಾಗವೂ ಇಲ್ಲ. ಆ ಹೊತ್ತಿಗೆ ನನಗೆ ಮನಸ್ಸು ಭಾರವಾಯಿತು.

ಎರಡನೆಯ ಗುರು ಒಂದು ಜಿಲ್ಲಾ ಪತ್ರಿಕೆಯ ಉಪಸಂಪಾದಕರು. ಅವರನ್ನು ನಾನು ಕಂಡದ್ದು ಎರಡೇ ಸಲ; ಉಳಿದದ್ದೆಲ್ಲ ದೂರವಾಣಿಯಲ್ಲಿ. ಮೊದಲ ಸಲ ಫೋನ್ ಮಾಡಿದಾಗ ಬೇಸರವಿಲ್ಲದ, ದಣಿದ ದನಿಯಲ್ಲಿ ಹೇಳಿದರು: "ಅಮ್ಮಾ, ನಿಮ್ಮ ಪ್ರಕಟಣೆಯಲ್ಲಿ ಮೊದಲ ಮೂರು ಸಾಲು ಸಾಹೇಬರ ಹೆಸರು, ಹುದ್ದೆ, ಅಧ್ಯಕ್ಷತೆ. ಯಾವ ಊರಲ್ಲಿ ಕರೆಂಟ್ ಹೋಗುತ್ತೆ ಅನ್ನೋದು ಕೊನೇ ಸಾಲಲ್ಲಿದೆ. ಜಾಗ ಇಲ್ಲದಿದ್ರೆ ನಾವು ಕತ್ತರಿಸೋದು ಕೆಳಗಿನಿಂದ." ಆಮೇಲೆ ಸುಮಾರು ಒಂದು ವರ್ಷ, ನನ್ನ ಪ್ರಕಟಣೆಯನ್ನು ಅವರು ಹೇಗೆ ತಿದ್ದಿ ಹಾಕಿದ್ದಾರೆ ಎಂದು ಬೆಳಿಗ್ಗೆ ಪತ್ರಿಕೆ ಬಂದ ಕೂಡಲೇ ಪಕ್ಕದಲ್ಲಿಟ್ಟು ಹೋಲಿಸುತ್ತಿದ್ದೆ. ಅವರಿಗೆ ಅದು ಗೊತ್ತಿರಲಿಲ್ಲ. ಕಲಿಸುತ್ತಿದ್ದೇನೆ ಎಂದು ಅರಿಯದೆ ಕಲಿಸಿದವರ ಋಣ ಬಹಳ ದೊಡ್ಡದು, ಏಕೆಂದರೆ ಅವರು ಅದನ್ನು ಎಂದೂ ಕೇಳುವುದಿಲ್ಲ.

ಮೂರನೆಯವರು ನಮ್ಮ ಕಚೇರಿಯ ಅಟೆಂಡರ್. ಇ-ಮೇಲ್ ಇನ್ನೂ ಬಾರದ ಕಾಲದಲ್ಲಿ ಪ್ರಕಟಣೆಗಳನ್ನು ಸೈಕಲ್ಲಿನಲ್ಲಿ ಪತ್ರಿಕಾ ಕಚೇರಿಗಳಿಗೆ ಮುಟ್ಟಿಸುತ್ತಿದ್ದವರು. ಯಾವ ಕಚೇರಿಯಲ್ಲಿ ಎಷ್ಟು ಗಂಟೆಗೆ ಪುಟ ಕಟ್ಟುತ್ತಾರೆ, ಯಾರ ಕೈಗೆ ಕೊಟ್ಟರೆ ಸೇರುತ್ತದೆ, ಯಾರ ಮನೆಯಲ್ಲಿ ಕಾಯಿಲೆ, ಎಲ್ಲ ಅವರಿಗೆ ಬಾಯಿಪಾಠ. ಲಕೋಟೆ ಕೊಟ್ಟು ಬರುವಾಗ ಎರಡು ಮಾತಾಡದೆ ಬಂದವರಲ್ಲ. ಮಾಧ್ಯಮ ಬಾಂಧವ್ಯ ಎಂಬ ಅಧ್ಯಾಯ ಓದಿದಾಗ ಅವರ ಸೈಕಲ್ಲಿನ ಗಂಟೆ ಕಿವಿಯಲ್ಲಿ ಕೇಳಿದಂತಾಯಿತು.

ಕಿಟಕಿಯ ಆಚೆ ನಿಂತವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. ಎಂಟು ವರ್ಷ ನನ್ನೆದುರು ನಿಂತು ಟ್ರಾನ್ಸ್‌ಫಾರ್ಮರ್ ಸುಟ್ಟಿದೆ, ಬಿಲ್ಲು ಜಾಸ್ತಿ ಬಂದಿದೆ, ಪಂಪಿಗೆ ತ್ರೀ ಫೇಸ್ ಕರೆಂಟು ರಾತ್ರಿ ಕೊಡುತ್ತೀರಿ, ಹಾವಿನ ಭಯ ಎಂದು ಹೇಳಿದವರು ಸಾವಿರಾರು ಜನ. ಗ್ರೂನಿಗ್ ಮತ್ತು ಹಂಟ್ ಎಂಬ ವಿದ್ವಾಂಸರು 1984ರ ತಮ್ಮ ಪುಸ್ತಕದಲ್ಲಿ ಸಾರ್ವಜನಿಕ ಸಂಪರ್ಕಕ್ಕೆ ನಾಲ್ಕು ಮಾದರಿ ಹೇಳಿದ್ದಾರೆ. ಬರಿಯ ಪ್ರಚಾರ ಮೊದಲನೆಯದು. ಕೊನೆಯದು ಎರಡೂ ಕಡೆಯಿಂದ ಸಮವಾಗಿ ನಡೆಯುವ ಮಾತುಕತೆ. ಅಲ್ಲಿ ಜನ ಬದಲಾಗುವಷ್ಟೇ ಸಂಸ್ಥೆಯೂ ಬದಲಾಗಲು ಸಿದ್ಧವಿರಬೇಕು. ಆ ಕೊನೆಯದನ್ನು ಓದಿದಾಗ ನನಗೆ ಹೊಳೆದದ್ದು ಇಷ್ಟು. ಕಿಟಕಿಯ ಆಚೆಯವರು ತಮ್ಮ ಪಾಲಿನ ಮಾತನ್ನು ಪ್ರತಿದಿನವೂ ಆಡಿದ್ದರು. ಈಚೆಯಿಂದ ನಾವು ಅದನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಮುಚ್ಚಿಟ್ಟಿದ್ದೆವು. ಓದು ಮುಗಿದ ಮೇಲೆ ನಾನು ಮಾಡಿದ ಮೊದಲ ಕೆಲಸವೆಂದರೆ ಹಳೆಯ ರಿಜಿಸ್ಟರುಗಳನ್ನು ತೆಗೆಸಿ, ಯಾವ ಹಳ್ಳಿಯಿಂದ ಯಾವ ದೂರು ಎಷ್ಟು ಸಲ ಬಂದಿದೆ ಎಂದು ಪಟ್ಟಿ ಮಾಡಿ ಎಂಜಿನಿಯರುಗಳ ಸಭೆಯಲ್ಲಿಟ್ಟದ್ದು. ಜನರಿಗೆ ಕೃತಜ್ಞತೆ ತೋರಿಸುವ ಬಗೆ ಅದಕ್ಕಿಂತ ಬೇರೆ ನನಗೆ ತಿಳಿಯಲಿಲ್ಲ.

ಈ ಎರಡು ಕಡೆಯ ಮಾತು ನಮ್ಮ ನೆಲಕ್ಕೆ ಹೊಸತೂ ಅಲ್ಲ. 1881ರಲ್ಲಿ, ಐವತ್ತು ವರ್ಷದ ಬ್ರಿಟಿಷ್ ಆಡಳಿತ ಮುಗಿದು ಮೈಸೂರು ಒಡೆಯರ ಕೈಗೆ ಮರಳಿದ ವರ್ಷವೇ, ದಿವಾನ್ ಸಿ. ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆಯನ್ನು ಕರೆದರು. ತಾಲ್ಲೂಕುಗಳಿಂದ ರೈತರು, ವರ್ತಕರು ಸೇರಿ 144 ಮಂದಿ. ದಸರಾಕ್ಕೆ ಜನ ಮೈಸೂರಿಗೆ ಬರುವ ಹೊತ್ತನ್ನೇ ಸಭೆಗೆ ಆರಿಸಿಕೊಂಡರು. ಹಿಂದಿನ ವರ್ಷ ಸರ್ಕಾರ ಏನು ಮಾಡಿತು, ಮುಂದೆ ಏನು ಮಾಡಲಿದೆ ಎಂದು ದಿವಾನರು ಅವರ ಮುಂದೆ ಒಪ್ಪಿಸಿದರು. ಆ ಸಭೆಗೆ ಕಾನೂನು ಮಾಡುವ ಅಧಿಕಾರ ಇರಲಿಲ್ಲ. ಆದರೂ ಲೆಕ್ಕ ಹೇಳಬೇಕಾದವರು ಎದ್ದು ನಿಂತು ಹೇಳುವುದು, ಕೇಳಬೇಕಾದವರು ಕುಳಿತು ಕೇಳಿ ತಮ್ಮ ಕಷ್ಟ ಹೇಳಿಕೊಳ್ಳುವುದು ಅಲ್ಲಿ ಶುರುವಾಯಿತು. ಐವಿ ಲೀ ಘೋಷಣೆಗಿಂತ 25 ವರ್ಷ ಹಿಂದಿನ ಮಾತು ಇದು. ನಮ್ಮ ಪಠ್ಯಕ್ರಮದಲ್ಲಿ ಇದಕ್ಕೆ ಒಂದು ಪುಟವಾದರೂ ಇರಬೇಕು. ಇಲ್ಲಿರುವ ಅಧ್ಯಾಪಕರಲ್ಲಿ ನನ್ನ ವಿನಂತಿ ಅದು.

ವೃತ್ತಿಯ ಹಿರಿಯರಿಗೆಲ್ಲ ಕಣ್ಣುಮುಚ್ಚಿ ಕೈಮುಗಿಯಬೇಕೇ? ಇಲ್ಲ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ. ಕೃತಜ್ಞತೆ ಎಂಬ ಪದವನ್ನು ಬಿಡಿಸಿ ನೋಡಿ. ಕೃತ ಎಂದರೆ ಮಾಡಿದ್ದು. ಜ್ಞ ಎಂದರೆ ತಿಳಿದವನು. ಮಾಡಿದ್ದನ್ನು ತಿಳಿದಿರುವವನೇ ಕೃತಜ್ಞ. ಭಾವ ಉಕ್ಕುವುದು ಆಮೇಲಿನದು, ಮೊದಲು ಬೇಕಾದದ್ದು ತಿಳಿವಳಿಕೆ. ತಿಳಿದ ಮೇಲೆ ಒಳ್ಳೆಯದೂ ಕಾಣುತ್ತದೆ, ಕೆಟ್ಟದ್ದೂ ಕಾಣುತ್ತದೆ. ಬಹಿರಂಗವಾಗಿ ಕೆಲಸ ಮಾಡುತ್ತೇವೆ ಎಂದು ಬರೆದ ಐವಿ ಲೀ ಅವರೇ 1914ರ ಲಡ್ಲೋ ಗಣಿ ಕಾರ್ಮಿಕರ ಹತ್ಯಾಕಾಂಡದ ನಂತರ ಗಣಿಯ ಮಾಲೀಕರಾದ ರಾಕ್‌ಫೆಲರ್ ಕುಟುಂಬದ ಪರವಾಗಿ ತಪ್ಪು ಅಂಕಿಅಂಶಗಳನ್ನು ಹಂಚಿದರು. ಸಾಯುವ ವರ್ಷ, 1934ರಲ್ಲಿ, ನಾಜಿ ಆಡಳಿತದ ಜರ್ಮನಿಯ ಐಜಿ ಫಾರ್ಬೆನ್ ಕಂಪನಿಗೆ ಸಲಹೆ ಕೊಟ್ಟದ್ದಕ್ಕಾಗಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಉತ್ತರಿಸಬೇಕಾಯಿತು. ಎಡ್ವರ್ಡ್ ಬರ್ನೇಸ್ 1923ರಲ್ಲಿ ಈ ವಿಷಯದ ಮೊದಲ ಮುಖ್ಯ ಪುಸ್ತಕ ಬರೆದರು. ಅದೇ ಬರ್ನೇಸ್ 1929ರ ಈಸ್ಟರ್ ಹಬ್ಬದಂದು ನ್ಯೂಯಾರ್ಕಿನ ಬೀದಿಯಲ್ಲಿ ಹೆಣ್ಣುಮಕ್ಕಳ ಕೈಗೆ ಸಿಗರೇಟು ಕೊಟ್ಟು, ಅದು ಸ್ವಾತಂತ್ರ್ಯದ ಪಂಜು ಎಂದು ನಂಬಿಸಿದರು. ಹಿಂದೆ ಇದ್ದದ್ದು ತಂಬಾಕು ಕಂಪನಿ. ಹೆಣ್ಣಾಗಿ ಆ ಪುಟ ಓದುವಾಗ ನನಗೆ ಸಂಕಟವಾಯಿತು. 1995ರಲ್ಲಿ 103ನೆಯ ವಯಸ್ಸಿಗೆ ತೀರಿಕೊಂಡ ಬರ್ನೇಸ್ ತಮ್ಮ ಕೊನೆಯ ವರ್ಷಗಳಲ್ಲಿ, ಈ ವೃತ್ತಿಗೆ ಸರ್ಕಾರದ ಪರವಾನಗಿ ಕಡ್ಡಾಯವಾಗಬೇಕು ಎಂದು ಹೋರಾಡಿದರು ಎಂಬುದನ್ನೂ ಜೊತೆಗೇ ತಿಳಿದಿರಬೇಕು. ಇಂಥವರಿಂದ ನಾನು ಪಡೆದದ್ದಿದೆ, ಅದನ್ನು ಒಪ್ಪಿಕೊಳ್ಳುತ್ತೇನೆ. ಕಾಲಿಗೆ ಬೀಳಬೇಕಾದರೆ ಲೈನ್‌ಮನ್ ಕಾಲಿಗೆ ಬೀಳುತ್ತೇನೆ.

ಮಾಡಿದ್ದನ್ನು ತಿಳಿದು, ಹೆಸರು ಹಿಡಿದು ಹೇಳುವುದರಲ್ಲಿ ಕನ್ನಡಿಗರು ಬಹಳ ಹಳಬರು. ಹಲ್ಮಿಡಿ ಶಾಸನವನ್ನು ಕನ್ನಡದ ಮೊದಲ ಶಾಸನ ಎಂದು ಶಾಲೆಯಲ್ಲಿ ಓದಿದ್ದೇವೆ, ಕಾಲ ಸುಮಾರು ಕ್ರಿ.ಶ. 450. ಅದರಲ್ಲಿ ಏನಿದೆ ಎಂದು ಕೇಳಿದರೆ ಬಹಳ ಜನಕ್ಕೆ ಗೊತ್ತಿಲ್ಲ. ಯುದ್ಧದಲ್ಲಿ ಹೋರಾಡಿದ ವಿಜಅರಸ ಎಂಬವನಿಗೆ ಹಲ್ಮಿಡಿ ಮತ್ತು ಮೂಳಿವಳ್ಳಿ ಎಂಬ ಊರುಗಳನ್ನು ಬಾಳ್ಗಚ್ಚಾಗಿ, ಅಂದರೆ ಕತ್ತಿ ತೊಳೆದ ಕಾಣಿಕೆಯಾಗಿ, ಕೊಟ್ಟ ದಾಖಲೆ ಅದು. ನಮಗೆ ಸಿಕ್ಕಿರುವ ಅಷ್ಟು ಹಳೆಯ ಕನ್ನಡ ಬರಹ ಒಂದು ಉಪಕಾರ ಸ್ಮರಣೆ.

ಇನ್ನೊಂದು, ಮದ್ದೂರು ತಾಲ್ಲೂಕಿನ ಆತಕೂರಿನದು. ಕಾಲ ಕ್ರಿ.ಶ. 949–50. ತಕ್ಕೋಲದ ಯುದ್ಧ ಗೆದ್ದ ಸಂದರ್ಭ. ಮಣಲರತ ಎಂಬ ವೀರನಿಗೆ ಅರಸ ಮೆಚ್ಚಿ, ಬೇಕಾದ್ದು ಕೇಳು ಎಂದಾಗ ಅವನು ಕೇಳಿದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ನಾಯಿ ಆಮೇಲೆ ದೊಡ್ಡ ಹಂದಿಯೊಡನೆ ಕಾದಾಡಿ, ಹಂದಿಯೂ ತಾನೂ ಒಟ್ಟಿಗೆ ಸತ್ತವು. ಅದರ ನೆನಪಿಗೆ ದೇವಾಲಯದ ಮುಂದೆ ಕಲ್ಲು ನಿಲ್ಲಿಸಿ, ಪೂಜೆಗೆ ಭೂಮಿ ಬಿಟ್ಟರು. ಈ ಕಲ್ಲಿಗೆ ಪೂಜೆ ಮಾಡದೆ ಉಂಡ ಪೂಜಾರಿಗೆ ನಾಯಿಯ ಪಾಪ ತಟ್ಟುತ್ತದೆ ಎಂದೂ ಬರೆಸಿದರು. ಆ ಕಲ್ಲು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯಕ್ಕೆ ಸೇರಿದೆ. ಹಂದಿಯ ಮೇಲೆ ಎರಗಿದ ನಾಯಿಯ ಉಬ್ಬುಚಿತ್ರ ಅದರಲ್ಲಿದೆ. ಸಾವಿರ ವರ್ಷದ ಹಿಂದೆ ಒಂದು ನಾಯಿಯ ಹೆಸರನ್ನೂ ಬಿಡದೆ ಬರೆಸಿದ ನಾಡು ಇದು.

ಇದನ್ನು ಓದಿದಾಗ ನನಗೆ ನೆನಪಾಗುವುದು ನನ್ನದೇ ಒಂದು ತಪ್ಪು. ಸಭೆ ಸಮಾರಂಭಗಳಲ್ಲಿ ವಂದನಾರ್ಪಣೆ ಸಾಮಾನ್ಯವಾಗಿ ಸಾರ್ವಜನಿಕ ಸಂಪರ್ಕಾಧಿಕಾರಿಯ ಪಾಲಿಗೆ ಬರುತ್ತದೆ. ನಾನು ನೂರಾರು ಮಾಡಿದ್ದೇನೆ. ಒಂದು ಹಳ್ಳಿಯ ಹೊರಗೆ ಹೊಸ ವಿದ್ಯುತ್ ಉಪಕೇಂದ್ರದ ಉದ್ಘಾಟನೆ. ಮಂತ್ರಿಗಳು, ಶಾಸಕರು, ಅಧಿಕಾರಿಗಳು, ಗುತ್ತಿಗೆದಾರರು, ಪೊಲೀಸರು, ಶಾಮಿಯಾನದವರು, ಪ್ರಾರ್ಥನೆ ಹಾಡಿದ ಶಾಲಾ ಮಕ್ಕಳು, ಎಲ್ಲರ ಹೆಸರೂ ಪಟ್ಟಿಯಲ್ಲಿತ್ತು. ಕೊನೆಗೆ ನಾವೆಲ್ಲ ಹೇಳುವ ಆ ವಾಕ್ಯ: ಪ್ರತ್ಯಕ್ಷವಾಗಿ ಹಾಗೂ ಪರೋಕ್ಷವಾಗಿ ಸಹಕರಿಸಿದ ಎಲ್ಲರಿಗೂ ವಂದನೆಗಳು. ಹೇಳಿ ಕೆಳಗಿಳಿದೆ. ಮೂರನೆಯ ಸಾಲಿನಿಂದ ಒಬ್ಬ ಅಜ್ಜಿ ಮೊಮ್ಮಗನ ಹೆಗಲು ಹಿಡಿದು ಎದ್ದು ಬಂದರು. ಉಪಕೇಂದ್ರ ನಿಂತಿದ್ದ ಒಂದೂವರೆ ಎಕರೆ ಅವರದಾಗಿತ್ತು. ಅಲ್ಲಿ ಎರಡು ಹುಣಸೆಮರ ಇತ್ತಂತೆ.

"ಎಲ್ಲಾರ ಹೆಸರೂ ಓದಿದ್ಯಲ್ಲವ್ವಾ, ನಂದು ಓದ್ಲಿಲ್ವಲ್ಲ" ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಾನು ಏನೋ ಹೇಳಲು ಹೋದೆ. ಅಜ್ಜಿಯೇ ಮುಂದುವರಿಸಿದರು: "ದುಡ್ಡು ಕೊಟ್ಟವ್ರೆ, ಇಲ್ಲ ಅನ್ನಾಕಿಲ್ಲ. ಮೈಕಲ್ಲಿ ಒಂದು ಕಿತ ಕೂಗ್ತಾರೆ ಅಂತ ಇವನ್ನ ಸ್ಕೂಲ್ ಬಿಡ್ಸಿ ಕರ್ಕಂಡ್ ಬಂದೆ."

ಅಷ್ಟು ಹೊತ್ತಿಗೆ ಮೈಕು ಬಿಚ್ಚಿ ಪೆಟ್ಟಿಗೆಗೆ ಹಾಕುತ್ತಿದ್ದರು. ಮಂತ್ರಿಗಳ ಕಾರು ಹೋಗಿ ಆಗಿತ್ತು. ಆ ಅಜ್ಜಿಗೆ ನಾನು ಕೈಮುಗಿದೆ. ಬೇರೇನೂ ಉಳಿದಿರಲಿಲ್ಲ. ಪ್ರತ್ಯಕ್ಷ ಪರೋಕ್ಷ ಎಂಬ ಆ ವಾಕ್ಯದ ಒಳಗೆ ಎಂಥೆಂಥವರನ್ನು ತುಂಬಿ ಬಾಯಿ ಮುಚ್ಚುತ್ತೇವೆ ಎಂದು ಆವತ್ತು ಕಂಡೆ. ಮುಂದಿನ ಸಮಾರಂಭಗಳಿಂದ ನಾನು ಪಟ್ಟಿಯನ್ನು ಕೆಳಗಿನಿಂದ ಬರೆಯುವುದನ್ನು ರೂಢಿ ಮಾಡಿಕೊಂಡೆ. ಭೂಮಿ ಕೊಟ್ಟವರು, ಗುಂಡಿ ತೋಡಿದವರು, ನೀರು ತಂದವರು ಮೊದಲು. ಮಂತ್ರಿಗಳ ಹೆಸರು ಮರೆಯುವ ಭಯವಿಲ್ಲ. ಅದನ್ನು ನೆನಪಿಸಲು ಹತ್ತು ಜನ ಇರುತ್ತಾರೆ.

ಡಿಪ್ಲೊಮಾ ಬಂದ ವಾರ, ಹೀಗೆ ನನಗೆ ಕಲಿಸಿದವರಿಗೆ ನಾನು ಹನ್ನೊಂದು ಕಾಗದ ಬರೆದೆ. ಫೇಸ್‌ಬುಕ್ಕಿನಲ್ಲಿ ಪ್ರಮಾಣಪತ್ರದ ಫೋಟೊ ಹಾಕಿ ಎಲ್ಲರಿಗೂ ಧನ್ಯವಾದ ಎಂದು ಬರೆಯಿರಿ ಎಂದು ಸಹೋದ್ಯೋಗಿಗಳು ಹೇಳಿದರು. ಹಾಗೆ ಮಾಡುವುದು ತಪ್ಪೆಂದು ನಾನು ಹೇಳುವುದಿಲ್ಲ, ಅದರಲ್ಲೂ ಸಂತೋಷವಿದೆ. ಆದರೆ ನಮ್ಮ ವೃತ್ತಿಯವರಿಗೆ ಒಂದು ಅಪಾಯ ಹೆಚ್ಚು. ಧನ್ಯವಾದವನ್ನೂ ಪ್ರಕಟಣೆಯಾಗಿಸುವ ಕಸುಬು ನಮಗೆ ಗೊತ್ತು. ಗ್ರಾಹಕರ ವಿಶ್ವಾಸಕ್ಕೆ ಕೃತಜ್ಞತೆಗಳು ಎಂದು ಫ್ಲೆಕ್ಸು ಬರೆಸಿಕೊಡುವವರು ನಾವೇ. ಅದಕ್ಕೇ, ಯಾರೂ ನೋಡದ ಹಾಗೆ ಒಬ್ಬರಿಗೆ ಒಂದು ಹೇಳಬೇಕು ಎನಿಸಿತು. ಪ್ರತಿ ಕಾಗದದಲ್ಲೂ ಹೆಸರು, ಅವರು ಮಾಡಿದ ಒಂದು ನಿರ್ದಿಷ್ಟ ಕೆಲಸ, ಅದು ನಡೆದ ವರ್ಷ, ಅದರಿಂದ ನಾನು ಕಲಿತದ್ದು ಬರೆದೆ. ನಿಮ್ಮ ಸಹಕಾರಕ್ಕೆ ಎಂದು ಎಲ್ಲೂ ಬರೆಯಲಿಲ್ಲ.

ಆರು ದಿನದ ಮೇಲೆ ಲೈನ್‌ಮನ್ ಫೋನ್ ಬಂತು. ನಿವೃತ್ತರಾಗಿ ಮಗಳ ಊರಿನಲ್ಲಿದ್ದರು. "ಮೇಡಂ, ಕಾಗ್ದ ಬಂತು. ಮಗಳ ಕೈಲಿ ಓದಿಸ್ದೆ. ನಾನಂದಿದ್ದು ಇನ್ನೂ ಗೆಪ್ತಿ ಮಡಿಕ್ಕಂಡಿದ್ದೀರಾ? ಆವತ್ತು ಮೂರು ದಿನ ನಿದ್ದೆ ಇರ್ಲಿಲ್ಲ ಮೇಡಂ, ಸಿಟ್ಟಲ್ಲಿ ಅಂದ್ಬುಟ್ಟಿದ್ದೆ. ಆಮ್ಯಾಕೆ ನಮ್ ಸಾಹೇಬ್ರಿಗೆ ಹೇಳ್ಬುಡ್ತೀರೇನೋ ಅಂತ ಹೆದರ್ಕಂಡಿದ್ದೆ." ಇಷ್ಟು ವರ್ಷ ಅವರಿಗೆ ಉಳಿದದ್ದು ಭಯ, ನನಗೆ ಉಳಿದದ್ದು ವಿದ್ಯೆ. ಆ ಭಯವನ್ನು ಅವರಿಂದ ತೆಗೆಯಲು ಒಂದು ಕಾಗದ ಸಾಕಾಗಿತ್ತು. ಅದನ್ನು ನಾನು ಅಷ್ಟು ವರ್ಷ ಬರೆದಿರಲಿಲ್ಲ.

ಅಟೆಂಡರ್ ಖುದ್ದಾಗಿ ಮನೆಗೆ ಬಂದರು, ಅಮ್ಮನ ಕೈಯ ಕಾಫಿ ಕುಡಿದು ಹೋದರು. ಹೆಸರನ್ನು ಸಭೆಯಲ್ಲಿ ಹೇಳಬೇಡಿ ಎಂದು ಅವರೂ ಲೈನ್‌ಮನ್ ಅವರೂ ಕೇಳಿಕೊಂಡಿದ್ದಾರೆ, ಆದ್ದರಿಂದ ಇಲ್ಲಿ ಹೇಳಲಿಲ್ಲ. ಅವರ ಹೆಸರು ಅವರವರ ಕಾಗದದಲ್ಲಿದೆ.

ಉಪಸಂಪಾದಕರಿಗೆ ಬರೆದದ್ದು ಮೂರು ವಾರದ ಮೇಲೆ ವಾಪಸು ಬಂತು. ಲಕೋಟೆಯ ಮೇಲೆ ಅಂಚೆಯವರು ನೀಲಿ ಶಾಯಿಯಲ್ಲಿ, ವಿಳಾಸದಾರರು ತೀರಿಕೊಂಡಿದ್ದಾರೆ, ಕಳಿಸಿದವರಿಗೆ ಹಿಂದಿರುಗಿಸಿ ಎಂದು ಬರೆದಿದ್ದರು. ಹೋಗಿ ಎರಡು ವರ್ಷವಾಗಿತ್ತೆಂದು ಆಮೇಲೆ ತಿಳಿಯಿತು. ಆ ಲಕೋಟೆಯನ್ನು ನಾನು ಒಡೆದಿಲ್ಲ. ಪ್ರಮಾಣಪತ್ರಕ್ಕೆ ಚೌಕಟ್ಟು ಹಾಕಿಸುವಾಗ ಅದರ ಹಿಂದೆ ಇಡಿಸಿದ್ದೇನೆ.

ಇಲ್ಲಿರುವ ವಿದ್ಯಾರ್ಥಿಗಳಲ್ಲಿ ಕೆಲವರು ಇನ್ನು ಎರಡು ತಿಂಗಳಲ್ಲಿ ಪರೀಕ್ಷೆ ಬರೆಯುತ್ತೀರಿ. ಫಲಿತಾಂಶ ಬಂದ ವಾರವೇ ಬರೆಯಬೇಕಾದ ಕಾಗದಗಳನ್ನು ಬರೆದುಬಿಡಿ. ವಿಳಾಸಗಳನ್ನು ಈಗಲೇ ಹುಡುಕಿಟ್ಟುಕೊಳ್ಳಿ.

ಕಾರ್ಯಕ್ರಮದಲ್ಲಿ ಇನ್ನು ಒಂದೇ ಒಂದು ಬಾಕಿ ಇದೆ. ಈ ಕಾಲೇಜಿನ ಎರಡನೆಯ ವರ್ಷದ ವಿದ್ಯಾರ್ಥಿನಿ ವಂದನಾರ್ಪಣೆ ಮಾಡುತ್ತಾಳೆ. ಬೆಳಿಗ್ಗೆ ಅವಳ ಪಟ್ಟಿ ನೋಡಿದೆ. ಈ ಸಭಾಂಗಣವನ್ನು ಗುಡಿಸಿದವರ ಹೆಸರು ಮೊದಲಲ್ಲಿದೆ, ಅವರು ಅಲ್ಲಿ ಬಾಗಿಲ ಹತ್ತಿರ ನಿಂತಿದ್ದಾರೆ. ಅವಳು ಓದಿ ಮುಗಿಸುವವರೆಗೆ ದಯವಿಟ್ಟು ಯಾರೂ ಏಳಬೇಡಿ.